ಶುಕ್ರವಾರ ಕೆಲಸ ಬಿಟ್ಟವರ ಹತ್ತಿರ ಸೋಮವಾರ ಏನೇನು ಉಳಿದಿರುತ್ತದೆ? ಮನೆಯಿಂದ ಕೆಲಸ ಮಾಡಿಸುವ ಸಣ್ಣ ಕಂಪನಿಗಳಿಗೆ ಒಂದು ಹೋಲಿಕೆ

ಒಂದೇ ವಾರದಲ್ಲಿ ಎರಡು ಫೋನ್ ಬಂದವು. ಮೊದಲನೆಯದು ಪೀಣ್ಯದಿಂದ. ಯಂತ್ರದ ಬಿಡಿಭಾಗ ಮಾಡುವ ಶೆಡ್, ಹದಿನಾಲ್ಕು ಜನ. ಡಿಸೈನ್ ಮಾಡುವ ಇಬ್ಬರು ಹುಡುಗರು ಕೊರೊನಾ ಸಮಯದಲ್ಲಿ ಊರಿಗೆ ಹೋದವರು ಅಲ್ಲೇ ಉಳಿದುಬಿಟ್ಟರು. ಒಬ್ಬ ದಾವಣಗೆರೆಯಿಂದ, ಇನ್ನೊಬ್ಬ ಸಿರ್ಸಿಯಿಂದ ಡ್ರಾಯಿಂಗ್ ಕಳಿಸುತ್ತಾನೆ. ಎರಡನೇ ಫೋನ್ ಶಿವಮೊಗ್ಗದ ಒಂದು ಆಡಿಟ್ ಆಫೀಸಿನಿಂದ. ಆರು ಜನ ಇದ್ದಾರೆ, ಅದರಲ್ಲಿ ಮೂವರು ಮನೆಯಿಂದಲೇ ಟ್ಯಾಲಿ ಎಂಟ್ರಿ ಮತ್ತು ಜಿಎಸ್‌ಟಿ ಫೈಲಿಂಗ್ ಮಾಡುತ್ತಾರೆ.

ಇಬ್ಬರದೂ ಹೆಚ್ಚುಕಮ್ಮಿ ಒಂದೇ ಪ್ರಶ್ನೆ. "ಸಾರ್, ವಿಪಿಎನ್ ಹಾಕಿಸಬೇಕಾ, ಎಲ್ಲರಿಗೂ ಲ್ಯಾಪ್‌ಟಾಪ್ ಕೊಡಿಸಬೇಕಾ, ಇಲ್ಲಾ ಗೂಗಲ್‌ನವರದ್ದು ತಗೊಂಡರೆ ಸಾಕಾ?" (ವಿಪಿಎನ್ ಅಂದರೆ ಮನೆಯ ಕಂಪ್ಯೂಟರಿನಿಂದ ಆಫೀಸಿನವರೆಗೆ ಇಂಟರ್ನೆಟ್ಟಿನಲ್ಲಿ ತೋಡುವ ಗುಪ್ತ ದಾರಿ.) ಇಬ್ಬರಿಗೂ ಒಬ್ಬೊಬ್ಬ ಮಾರಾಟಗಾರ ಮೂರು ಪುಟದ ಕೊಟೇಶನ್ ಕೊಟ್ಟು ಹೋಗಿದ್ದ. ಅದನ್ನು ಓದಿದ ಮೇಲೆ ಇದ್ದ ಗೊಂದಲ ಇನ್ನೂ ಜಾಸ್ತಿಯಾಗಿತ್ತು.

ಸಣ್ಣ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವುದೇ ನನ್ನ ಕೆಲಸ. ಆ ಇಬ್ಬರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಐವತ್ತು ಜನಕ್ಕಿಂತ ದೊಡ್ಡ ಕಂಪನಿ ನಿಮ್ಮದಾದರೆ ಇದು ಸಾಲುವುದಿಲ್ಲ. ಒಬ್ಬ ಪೂರ್ಣಾವಧಿ ಐಟಿ ಮನುಷ್ಯನನ್ನು ಇಟ್ಟುಕೊಳ್ಳಿ.

ಮೊದಲು ಅಳತೆಗೋಲು

ಸಾಫ್ಟ್‌ವೇರ್ ಹೆಸರು ಎತ್ತುವ ಮುಂಚೆ ಒಂದು ಹಾಳೆ ತಗೊಳ್ಳಿ. ನಿಮ್ಮ ಗುಟ್ಟು ಯಾವುದು ಅಂತ ಬರೆಯಿರಿ. "ಎಲ್ಲವೂ ಗುಟ್ಟೇ" ಅಂತ ಬರೆಯುವ ಹಾಗಿಲ್ಲ. ಪಕ್ಕದ ಶೆಡ್ಡಿನವನ ಕೈಗೆ ಸಿಕ್ಕಿದೆ ಅಂತ ಗೊತ್ತಾದರೆ ರಾತ್ರಿ ನಿದ್ದೆ ಬರುವುದಿಲ್ಲವಲ್ಲ, ಅಂಥ ಫೈಲ್ ಯಾವುದು? ಪೀಣ್ಯದವರು ಮೊದಲು ಸಾವಿರಾರು ಡ್ರಾಯಿಂಗ್ ಅಂದರು. ಅರ್ಧ ಗಂಟೆ ಕೂತು ನೋಡಿದಾಗ ಉಳಿದದ್ದು ಮೂರೇ: ಕಾಸ್ಟಿಂಗ್ ಶೀಟ್ (ಒಂದೊಂದು ಭಾಗ ಮಾಡಲು ತಗಲುವ ಖರ್ಚಿನ ಲೆಕ್ಕ), ಪಾರ್ಟಿಗಳ ರೇಟ್ ಶೀಟ್, ಮತ್ತು ಒಬ್ಬ ದೊಡ್ಡ ಗಿರಾಕಿ ನಂಬಿ ಕೊಟ್ಟ ನಲವತ್ತು ಚಿಲ್ಲರೆ ಡ್ರಾಯಿಂಗ್. ಉಳಿದ ಡ್ರಾಯಿಂಗ್‌ಗಳು ಹೊರಗೆ ಹೋದರೂ ಅಂಥ ನಷ್ಟವೇನಿಲ್ಲ. ಆ ಭಾಗವನ್ನು ಕೊಂಡು ಅಳೆದರೆ ಯಾರಾದರೂ ಬರೆಯಬಹುದು.

ಆಡಿಟ್ ಆಫೀಸಿನ ಕಥೆ ಬೇರೆ. ಅಲ್ಲಿರುವ ಗುಟ್ಟು ಅವರದ್ದಲ್ಲ, ಅವರ ಕಕ್ಷಿದಾರರದ್ದು. ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್, ಜಿಎಸ್‌ಟಿ ಪೋರ್ಟಲ್‌ನ ಪಾಸ್‌ವರ್ಡ್. ಜೊತೆಗೆ, ಪಿನ್ ಒತ್ತಿದರೆ ಕಕ್ಷಿದಾರರ ಹೆಸರಿನಲ್ಲಿ ಸಹಿ ಹಾಕಿಕೊಡುವ, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗಳು. ನಾನು ಹೋದಾಗ ಒಂದು ಡ್ರಾಯರ್ ಎಳೆದು ತೋರಿಸಿದರು. ಮಿಠಾಯಿ ಡಬ್ಬದಲ್ಲಿ ಮೂವತ್ತು ಟೋಕನ್. ಪ್ರತಿಯೊಂದಕ್ಕೂ ಬಿಳಿ ಪ್ಲಾಸ್ಟರ್ ಸುತ್ತಿದೆ. ಅದರ ಮೇಲೆ ಕಕ್ಷಿದಾರರ ಹೆಸರು, ಹೆಸರಿನ ಕೆಳಗೆ ಪಿನ್ ನಂಬರ್. ಇದಕ್ಕೆ ಯಾವ ವಿಪಿಎನ್ ಏನು ಮಾಡೀತು ಹೇಳಿ.

ಎರಡನೆಯದು ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಅಳತೆ. ಶುಕ್ರವಾರ ಸಂಜೆ ಐದಕ್ಕೆ ಒಬ್ಬರು ಕೆಲಸ ಬಿಡುತ್ತಾರೆ. ಜಗಳವಾಡಿಕೊಂಡೇ ಬಿಡುತ್ತಾರೆ ಅಂತ ಇಟ್ಟುಕೊಳ್ಳಿ. ಸೋಮವಾರ ಬೆಳಗ್ಗೆ ಅವರ ಹತ್ತಿರ ನಿಮ್ಮದು ಏನೇನು ಉಳಿದಿರುತ್ತದೆ? ಆಫೀಸಿನಲ್ಲೇ ಎಲ್ಲರೂ ಕೂತಿದ್ದಾಗ ಈ ಪ್ರಶ್ನೆಗೆ ಉತ್ತರ ಸುಲಭವಿತ್ತು. ಕೀಲಿ ವಾಪಸ್ ತಗೊಂಡರೆ ಮುಗಿಯಿತು. ಮನೆಯಿಂದ ಕೆಲಸ ಮಾಡುವವರ ಕೀಲಿ ಎಲ್ಲಿದೆ ಅನ್ನುವುದೇ ನಮಗೆ ಗೊತ್ತಿರುವುದಿಲ್ಲ.

ಮೂರನೆಯದು ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳೆದುಹೋದರೆ ಏನು ಅನ್ನುವುದು. ನಾಲ್ಕನೆಯದು, ಇದನ್ನೆಲ್ಲ ನೋಡಿಕೊಳ್ಳುವವರು ಯಾರು? ವಾರಕ್ಕೊಮ್ಮೆ ಬರುವ ಹುಡುಗನೋ, ಮಾಲೀಕರ ಮಗನೋ, ಯಾರೂ ಇಲ್ಲವೋ? ಐದನೆಯದನ್ನು ಜನ ಮರೆಯುತ್ತಾರೆ: ಕೆಲಸಕ್ಕೆ ಎಷ್ಟು ಅಡ್ಡಿ? ಪ್ರತಿ ಫೈಲಿಗೂ ಎರಡು ನಿಮಿಷ ಕಾಯಬೇಕು ಅಂತಾದರೆ ಸಿರ್ಸಿಯ ಹುಡುಗ ಸುಮ್ನೆ ವಾಟ್ಸ್ಆಪ್‌ನಲ್ಲಿ ತರಿಸಿಕೊಳ್ಳುತ್ತಾನೆ. ಅವನ ತಪ್ಪೂ ಅಲ್ಲ. ಕೊನೆಯದು ಜಾಡು. ಯಾರು, ಯಾವಾಗ, ಯಾವ ಫೈಲ್ ತೆರೆದರು ಅನ್ನುವುದು ಎಲ್ಲಾದರೂ ದಾಖಲಾಗುತ್ತದಾ? ನಾಳೆ ವಕೀಲರ ಹತ್ತಿರ ಹೋದರೆ ಅವರು ಮೊದಲು ಕೇಳುವುದು ಇದನ್ನೇ.

ದುಡ್ಡನ್ನು ನಾನು ಇವೆಲ್ಲದರ ಆಮೇಲೆ ಇಡುತ್ತೇನೆ.

ಮೊದಲ ದಾರಿ: ನಂಬಿಕೆ, ವಾಟ್ಸ್ಆಪ್, ಒಂದು ಸ್ಟಾಂಪ್ ಪೇಪರ್

ಬಹಳ ಕಡೆ ಈಗ ನಡೆಯುತ್ತಿರುವುದು ಇದೇ. ಖರ್ಚು ಸೊನ್ನೆ, ಅಡ್ಡಿ ಸೊನ್ನೆ. ಆದರೆ ಸೋಮವಾರದ ಲೆಕ್ಕ ಮಾತ್ರ ಭಯಂಕರ. ಗ್ರೂಪಿನಿಂದ ತೆಗೆದರೂ ಆವತ್ತಿನವರೆಗೆ ಬಂದ ಫೈಲುಗಳೆಲ್ಲ ಅವರ ಫೋನಿನಲ್ಲಿ ಹಾಗೇ ಇರುತ್ತವೆ. ಫೋಟೋ ತೆಗೆದು ಕಳಿಸಿದ್ದಾದರೆ ಗ್ಯಾಲರಿಗೆ ಹೋಗಿ, ಅಲ್ಲಿಂದ ಅವರ ಸ್ವಂತ ಗೂಗಲ್ ಖಾತೆಗೆ ಬ್ಯಾಕಪ್ ಕೂಡ ಆಗಿರಬಹುದು. ಒಬ್ಬರ ಫೋನಿನಲ್ಲಿ ನಾನೇ ನೋಡಿದ್ದೇನೆ. ಮಗುವಿನ ನಾಮಕರಣದ ಫೋಟೋ ತೋರಿಸುತ್ತಿದ್ದರು. ತೊಟ್ಟಿಲು, ಅಜ್ಜಿ, ಹೋಳಿಗೆ ಎಲೆ. ಆಮೇಲೆ ಹಿಂದಿನ ಕಂಪನಿಯ ರೇಟ್ ಶೀಟ್. ಆಮೇಲೆ ಮತ್ತೆ ತೊಟ್ಟಿಲು. ಅವರಿಗೆ ಕದಿಯುವ ಉದ್ದೇಶವೇ ಇರಲಿಲ್ಲ. ಅಳಿಸಬೇಕು ಅನ್ನುವುದು ಅವರಿಗೆ ಹೊಳೆದೂ ಇರಲಿಲ್ಲ.

ಸ್ಟಾಂಪ್ ಪೇಪರ್ ಮೇಲೆ ಬರೆಸಿಕೊಂಡ ಗೌಪ್ಯತೆ ಕರಾರು ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಬೇಕೇ ಬೇಕು. ನಮ್ಮ ದೇಶದಲ್ಲಿ ವ್ಯಾಪಾರದ ಗುಟ್ಟಿಗೆ ಅಂತಲೇ ಪ್ರತ್ಯೇಕ ಕಾಯ್ದೆ ಇಲ್ಲ. ಅಂಥದ್ದೊಂದು ಬೇಕು ಅಂತ ಕಾನೂನು ಆಯೋಗ 2024ರಲ್ಲಿ ತನ್ನ 289ನೇ ವರದಿಯಲ್ಲಿ ಹೇಳಿದೆ. ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವ ಮುಖ್ಯ ಹತ್ಯಾರು ಈ ಕರಾರೇ. ಆದರೆ ಅದರಲ್ಲಿ ಏನು ಬರೆಸುತ್ತೀರಿ ಅನ್ನುವುದರ ಮೇಲೆ ಗಮನ ಇರಲಿ. "ಕೆಲಸ ಬಿಟ್ಟ ಮೇಲೆ ಎರಡು ವರ್ಷ ಪ್ರತಿಸ್ಪರ್ಧಿ ಕಂಪನಿ ಸೇರುವಂತಿಲ್ಲ" ಅಂತ ಎಲ್ಲರೂ ಬರೆಸುತ್ತಾರೆ. 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಅದು ನಿಲ್ಲುವುದಿಲ್ಲ. ಕೆಲಸದ ಅವಧಿ ಇರುವವರೆಗಿನ ನಿರ್ಬಂಧ ಬೇರೆ ಮಾತು. ಟೈರಿಗೆ ಬಳಸುವ ನೂಲು ತಯಾರಿಸುವ ಕಂಪನಿಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1967ರಲ್ಲಿ ಅಂಥ ನಿರ್ಬಂಧವನ್ನು ಎತ್ತಿಹಿಡಿದಿದೆ. ಹಾಗಾಗಿ "ಎಲ್ಲೂ ಸೇರಬೇಡ" ಅನ್ನುವ ಸಾಲಿಗಿಂತ "ಇಂತಿಂಥ ಫೈಲ್ ಗೌಪ್ಯ, ಬಿಡುವ ದಿನ ವಾಪಸ್ ಕೊಟ್ಟು ನಿಮ್ಮ ಪ್ರತಿ ಅಳಿಸಬೇಕು" ಅನ್ನುವ ಸಾಲು ಕೆಲಸಕ್ಕೆ ಬರುತ್ತದೆ.

ಇನ್ನೊಂದು ವಿಷಯ. ಭಾರತವೂ ಸದಸ್ಯನಾಗಿರುವ ಟ್ರಿಪ್ಸ್ (ಬೌದ್ಧಿಕ ಆಸ್ತಿಯ ಬಗೆಗಿನ ಅಂತರರಾಷ್ಟ್ರೀಯ) ಒಪ್ಪಂದದ 39ನೇ ವಿಧಿ ಒಂದು ಮಾಹಿತಿಯನ್ನು ಗುಟ್ಟು ಅಂತ ಕರೆಯಲು ಮೂರು ಷರತ್ತು ಹಾಕುತ್ತದೆ. ಅದು ನಿಜಕ್ಕೂ ಗುಟ್ಟಾಗಿರಬೇಕು, ಗುಟ್ಟಾಗಿರುವುದರಿಂದಲೇ ಅದಕ್ಕೆ ಬೆಲೆ ಇರಬೇಕು, ಮತ್ತು ಅದನ್ನು ಕಾಪಾಡಲು ನೀವು ತಕ್ಕ ಪ್ರಯತ್ನ ಮಾಡಿರಬೇಕು. ಹದಿನಾಲ್ಕು ಜನರ ಗ್ರೂಪಿಗೆ ರೇಟ್ ಶೀಟ್ ಹಾಕಿ, ಆಮೇಲೆ "ಅದು ಗುಟ್ಟು ಸ್ವಾಮಿ" ಅಂದರೆ ಕೇಳುವವರಿಗೆ ನಗು ಬರುತ್ತದೆ ಅಲ್ವಾ?

ಎರಡನೇ ದಾರಿ: ಕಂಪನಿ ಹೆಸರಿನ ಕ್ಲೌಡ್ ಖಾತೆ

ಗೂಗಲ್ ವರ್ಕ್‌ಸ್ಪೇಸ್, ಮೈಕ್ರೋಸಾಫ್ಟ್ 365, ಜೋಹೋ ವರ್ಕ್‌ಪ್ಲೇಸ್. ಮೇಲ್, ಫೈಲ್ ಎಲ್ಲವನ್ನೂ ಇಂಟರ್ನೆಟ್ಟಿನಲ್ಲಿ, ಅಂದರೆ ಕ್ಲೌಡಿನಲ್ಲಿ, ಇಡುವ ಸೇವೆಗಳು ಇವು. ಈ ಮೂರರಲ್ಲಿ ಯಾವುದು ಅನ್ನುವುದಕ್ಕೆ ಜನ ತಲೆ ಕೆಡಿಸಿಕೊಳ್ಳುವಷ್ಟು ವ್ಯತ್ಯಾಸ ಇಲ್ಲಿಲ್ಲ. ಎಕ್ಸೆಲ್‌ನಲ್ಲೇ ಮುಳುಗಿರುವವರು ಮೈಕ್ರೋಸಾಫ್ಟ್ ತಗೊಳ್ಳಿ. ಜಿಮೇಲ್ ಕೈಗೆ ಕೂತಿರುವವರು ಗೂಗಲ್. ಜೋಹೋ ಚೆನ್ನೈನ ಕಂಪನಿ, ಸಾಮಾನ್ಯವಾಗಿ ಖರ್ಚು ಕಡಿಮೆ. ಒಬ್ಬರಿಗೆ ತಿಂಗಳಿಗೆ ನೂರಿನ್ನೂರು ರೂಪಾಯಿಯ ಆಸುಪಾಸಿನಿಂದ ಕೆಳಗಿನ ಪ್ಲಾನ್‌ಗಳು ಶುರುವಾಗುತ್ತವೆ.

ಇಲ್ಲಿ ದುಡ್ಡು ಕೊಡುವುದು ಜಾಗಕ್ಕಲ್ಲ, ಯಜಮಾನಿಕೆಗೆ. ಉಚಿತ ಜಿಮೇಲ್ ಖಾತೆಗೆ ಒಡೆಯ ಆ ಹುಡುಗ. ನಿಮ್ಮ ಕಂಪನಿಯ ಡೊಮೇನ್ (ಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು) ಮೇಲಿನ ಖಾತೆಗೆ ಒಡೆಯರು ನೀವು. ಶುಕ್ರವಾರ ಐದು ಗಂಟೆಗೆ ಆ ಖಾತೆಯನ್ನು ತಡೆಹಿಡಿಯಬಹುದು, ಪಾಸ್‌ವರ್ಡ್ ಬದಲಿಸಬಹುದು, ಎಲ್ಲ ಕಡೆಯಿಂದ ಲಾಗೌಟ್ ಮಾಡಿಸಬಹುದು, ಮೇಲ್‌ಗಳನ್ನು ಹೊಸಬರಿಗೆ ಕೊಡಬಹುದು. ಐದು ನಿಮಿಷದ ಕೆಲಸ. ಹಾಗಂತ ಖಾತೆಯನ್ನು ಆತುರದಲ್ಲಿ ಅಳಿಸಬೇಡಿ. ಗೂಗಲ್‌ನಲ್ಲಿ ಅಳಿಸಿದ ಖಾತೆ ವಾಪಸ್ ತರಲು 20 ದಿನ, ಮೈಕ್ರೋಸಾಫ್ಟ್‌ನಲ್ಲಿ 30 ದಿನ ಅವಕಾಶ. ಆಮೇಲೆ ಫೈಲುಗಳೂ ಹೋದಂತೆ. ಮೊದಲು ತಡೆಹಿಡಿಯಿರಿ, ಫೈಲುಗಳನ್ನು ಇನ್ನೊಬ್ಬರ ಹೆಸರಿಗೆ ಮಾಡಿ, ಅಳಿಸುವುದನ್ನು ನಿಧಾನವಾಗಿ ನೋಡಿ.

ಈ ದಾರಿಯ ದೊಡ್ಡ ತೂತು ನನಗೆ ನನ್ನ ಮನೆಯಲ್ಲೇ ಗೊತ್ತಾಯಿತು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗ ಬಿಟ್ಟುಹೋದ. ಖಾತೆ ಮುಚ್ಚಿದೆ, ಬೆನ್ನು ತಟ್ಟಿಕೊಂಡೆ. ನಾಲ್ಕು ತಿಂಗಳ ಮೇಲೆ ಅವನೇ ಫೋನ್ ಮಾಡಿದ. "ಅಣ್ಣಾ, ಗಿರಾಕಿಗಳ ಪಾಸ್‌ವರ್ಡ್ ಶೀಟ್ ನನಗೆ ಇನ್ನೂ ಓಪನ್ ಆಗ್ತಾ ಇದೆ, ನೋಡ್ಕೊಳ್ಳಿ." ಆ ಶೀಟನ್ನು ಯಾವುದೋ ಅವಸರದಲ್ಲಿ "ಲಿಂಕ್ ಇರುವ ಯಾರಾದರೂ ನೋಡಬಹುದು" ಅಂತ ಹಂಚಿದ್ದೆ. ಅವನು ಆ ಲಿಂಕನ್ನು ತನಗೆ ತಾನೇ ವಾಟ್ಸ್ಆಪ್ ಮಾಡಿಕೊಂಡಿದ್ದ. ಒಳ್ಳೆಯ ಹುಡುಗ, ನನ್ನ ಪುಣ್ಯ. ಆ ರಾತ್ರಿ ಕೂತು ಐವತ್ತಾರು ಪಾಸ್‌ವರ್ಡ್ ಬದಲಿಸಿದೆ. ಪಾಸ್‌ವರ್ಡ್‌ಗಳನ್ನು ಶೀಟಿನಲ್ಲಿ ಇಟ್ಟದ್ದೇ ಮೊದಲ ತಪ್ಪು ಅನ್ನಿ. ಈಗ ಪಾಸ್‌ವರ್ಡ್ ಕಾಪಾಡಿಡುವ ಬಿಟ್‌ವಾರ್ಡನ್ ಅನ್ನುವ ಸಾಫ್ಟ್‌ವೇರ್ ಬಳಸುತ್ತೇನೆ. ಜೋಹೋ ವಾಲ್ಟ್ ಕೂಡ ಇದೆ.

ಆದ್ದರಿಂದ ಈ ದಾರಿ ಹಿಡಿದರೆ ಮೊದಲ ದಿನವೇ ಎರಡು ಕೆಲಸ. ಆಡಳಿತದ ಪುಟಕ್ಕೆ ಹೋಗಿ ಕಂಪನಿಯ ಹೊರಗೆ ಫೈಲ್ ಹಂಚುವುದನ್ನು ನಿಲ್ಲಿಸಿ, ಇಲ್ಲವೇ ಕೇಳಿಯೇ ಹಂಚುವ ಹಾಗೆ ಮಾಡಿ. ಎರಡು ಹಂತದ ಲಾಗಿನ್ ಎಲ್ಲರಿಗೂ ಕಡ್ಡಾಯ ಮಾಡಿ, ಮಾಲೀಕರಿಗೂ ಸೇರಿಸಿ. ನನ್ನ ಅನುಭವದಲ್ಲಿ "ನನಗೊಬ್ಬನಿಗೆ ಬೇಡ" ಅನ್ನುವುದು ಯಾವಾಗಲೂ ಮಾಲೀಕರೇ.

ಉಳಿಯುವ ಕೊರತೆ ಒಂದು. ಸ್ವಂತ ಲ್ಯಾಪ್‌ಟಾಪಿಗೆ ಡೌನ್‌ಲೋಡ್ ಮಾಡಿಕೊಂಡ ಪ್ರತಿಯನ್ನು ಈ ದಾರಿ ವಾಪಸ್ ತರುವುದಿಲ್ಲ. ಮುಖ್ಯವಾದ ಶೀಟಿಗೆ ಡೌನ್‌ಲೋಡ್, ಪ್ರಿಂಟ್, ಕಾಪಿ ತಡೆಯುವ ಆಯ್ಕೆ ಇದೆ, ಬಳಸಿ. ಆದರೆ ಫೋನಿನಿಂದ ಪರದೆಯ ಫೋಟೋ ತೆಗೆಯುವವರನ್ನು ಯಾವ ಆಯ್ಕೆಯೂ ತಡೆಯದು.

ಮೂರನೇ ದಾರಿ: ಕಂಪನಿಯದೇ ಲ್ಯಾಪ್‌ಟಾಪ್

ಡೌನ್‌ಲೋಡ್ ಆದ ಪ್ರತಿಯ ಚಿಂತೆಗೆ ಉತ್ತರ ಇದು. ಯಂತ್ರವೂ ನಿಮ್ಮದು, ಅದರೊಳಗಿನದೂ ನಿಮ್ಮದು. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿಟ್ಟರೆ, ಅಂದರೆ ಕೀಲಿ ಇಲ್ಲದವರು ಓದಲಾಗದ ಹಾಗೆ ಮಾಡಿಟ್ಟರೆ, ಬಸ್ಸಿನಲ್ಲಿ ಕಳೆದರೂ ಸಿಕ್ಕವನಿಗೆ ಸಿಗುವುದು ಬರೀ ಯಂತ್ರ. ಇಲ್ಲಿ ಒಂದು ಸಣ್ಣ ವಿಷಯಕ್ಕೆ ಎಷ್ಟೋ ಜನ ಎಡವುತ್ತಾರೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ವಿಂಡೋಸ್ ಹೋಮ್ ಇರುತ್ತದೆ. ಡಿಸ್ಕಿಗೆ ಹೀಗೆ ಬೀಗ ಹಾಕುವ ಬಿಟ್‌ಲಾಕರ್ ಪೂರ್ತಿ ಬೇಕಾದರೆ ವಿಂಡೋಸ್ ಪ್ರೊ ಬೇಕು. ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್ ಅಂತ ಇದೆ, ಆನ್ ಮಾಡಿದರೆ ಸಾಕು. ಯಾವುದಾದರೂ ಸರಿ, ರಿಕವರಿ ಕೀಲಿಯನ್ನು ಬೇರೆ ಕಡೆ ಬರೆದಿಡಿ. ಅದು ಕಳೆದುಹೋದರೆ ನಿಮ್ಮ ಫೈಲ್ ನಿಮಗೂ ಸಿಗುವುದಿಲ್ಲ.

ದೂರದಿಂದಲೇ ಲ್ಯಾಪ್‌ಟಾಪನ್ನು ಲಾಕ್ ಮಾಡುವ, ಅಳಿಸುವ ವ್ಯವಸ್ಥೆ ಸೇರಿಸಿದರೆ ಈ ದಾರಿ ಪೂರ್ತಿಯಾಗುತ್ತದೆ. ಮೈಕ್ರೋಸಾಫ್ಟ್‌ನ ಇಂಟ್ಯೂನ್ ಅಂಥದ್ದು. ಅದು ಒಳಗೊಂಡ ಬಿಸಿನೆಸ್ ಪ್ರೀಮಿಯಂ ಪ್ಲಾನಿಗೆ ಒಬ್ಬರಿಗೆ ತಿಂಗಳಿಗೆ ಸಾವಿರದ ಮೇಲಾಗುತ್ತದೆ. ಜೊತೆಗೆ ಲ್ಯಾಪ್‌ಟಾಪಿನ ದುಡ್ಡು, ಮೂರ್ನಾಲ್ಕು ವರ್ಷಕ್ಕೊಮ್ಮೆ ಹೊಸದು, ಕೆಟ್ಟರೆ ರಿಪೇರಿ. ಸಿರ್ಸಿಯಿಂದ ಪಾರ್ಸೆಲ್ ತರಿಸಿ, ರಿಪೇರಿ ಮಾಡಿಸಿ ಮತ್ತೆ ಕಳಿಸುವಷ್ಟರಲ್ಲಿ ಹತ್ತು ದಿನ ಹೋಗುತ್ತದೆ. ಆ ಹತ್ತು ದಿನ ಆ ಹುಡುಗ ತನ್ನ ಅಣ್ಣನ ಕಂಪ್ಯೂಟರಿನಲ್ಲೇ ಕೆಲಸ ಮಾಡುತ್ತಾನೆ. ಒಂದು ಲ್ಯಾಪ್‌ಟಾಪ್ ಹೆಚ್ಚುವರಿ ಇಟ್ಟುಕೊಳ್ಳುವ ಶಕ್ತಿ ಇದ್ದರೆ ಮಾತ್ರ ಈ ದಾರಿಗೆ ಇಳಿಯಿರಿ.

ಸ್ವಂತ ಕಂಪ್ಯೂಟರ್ ಆದರೇನು ಅನ್ನುವವರಿಗೆ ಲಾಸ್ಟ್‌ಪಾಸ್ ಕಥೆ ಹೇಳುತ್ತೇನೆ. ಪಾಸ್‌ವರ್ಡ್ ಕಾಪಾಡುವುದೇ ಕಸುಬಾಗಿದ್ದ ಕಂಪನಿ ಅದು. 2022ರಲ್ಲಿ ಕಳ್ಳರು ಅದರ ಒಬ್ಬ ಹಿರಿಯ ಎಂಜಿನಿಯರನ ಮನೆಯ ಕಂಪ್ಯೂಟರಿಗೆ ನುಗ್ಗಿದರು. ಸಿನಿಮಾ, ಹಾಡು ನೋಡಲು ಬಳಸುವಂಥ ಒಂದು ಸಾಫ್ಟ್‌ವೇರಿನ ದೋಷವೇ ಅವರಿಗೆ ಬಾಗಿಲಾಯಿತು. ಕೀಬೋರ್ಡಿನಲ್ಲಿ ಒತ್ತಿದ್ದನ್ನೆಲ್ಲ ಕದ್ದು ನೋಡುವ ತಂತ್ರಾಂಶ ಕೂರಿಸಿ, ಮುಖ್ಯ ಪಾಸ್‌ವರ್ಡ್ ಹಿಡಿದರು. ಆ ಬೀಗದ ಕೈ ಕಂಪನಿಯಲ್ಲಿ ನಾಲ್ಕೇ ಜನರ ಹತ್ತಿರ ಇತ್ತು, ಆತ ಅವರಲ್ಲೊಬ್ಬ. ಕೊನೆಗೆ ಗ್ರಾಹಕರ ಪಾಸ್‌ವರ್ಡ್ ಪೆಟ್ಟಿಗೆಗಳ ಬ್ಯಾಕಪ್ಪೇ ಹೋಯಿತು. ಆಫೀಸಿನ ಕೋಟೆಗೆ ಕಳ್ಳರು ಕೈ ಹಾಕಲಿಲ್ಲ, ಮನೆಯ ಹಿತ್ತಲಿನಿಂದ ಬಂದರು.

ನಿಮ್ಮಲ್ಲಿ ಎಲ್ಲರಿಗೂ ಕೊಡಿಸುವ ಶಕ್ತಿ ಇಲ್ಲದಿದ್ದರೆ, ಹಾಳೆಯಲ್ಲಿ ಬರೆದ ಆ ಮೂರು ಗುಟ್ಟು ಯಾರ ಕೈಯಲ್ಲಿ ಓಡಾಡುತ್ತವೆಯೋ ಅವರಿಗೆ ಮಾತ್ರ ಕೊಡಿಸಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವವರಿಗೆ ಇದು ಸರಿ.

ನಾಲ್ಕನೇ ದಾರಿ: ವಿಪಿಎನ್

ಮಾರಾಟಗಾರರಿಗೆ ಬಹಳ ಇಷ್ಟವಾದ ಪದ. ಅದು ಮಾಡುವುದು ಇಷ್ಟೇ: ಮನೆಯಿಂದ ಆಫೀಸಿನವರೆಗೆ ಒಂದು ಸುರಂಗ ತೋಡಿ ಕೊಡುತ್ತದೆ. ದಾರಿಯಲ್ಲಿ ಯಾರೂ ಇಣುಕಲಾರರು. ಆದರೆ ಸುರಂಗದ ಈ ತುದಿಯಲ್ಲಿ ಕೂತವನು ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡರೆ ಸುರಂಗಕ್ಕೇನು? ಕೆಲಸ ಬಿಡುವವರ ಸಮಸ್ಯೆಗೆ ವಿಪಿಎನ್ ಉತ್ತರವೇ ಅಲ್ಲ.

ಫೈಲುಗಳು ಆಫೀಸಿನ ಸರ್ವರಿನಲ್ಲೋ, ಸಿನಾಲಜಿಯಂಥ ಶೇಖರಣಾ ಪೆಟ್ಟಿಗೆಯಲ್ಲೋ ಇದ್ದು, ಮನೆಯಿಂದ ಅದನ್ನು ಮುಟ್ಟಲೇಬೇಕು ಅಂತಾದರೆ ವಿಪಿಎನ್ ಬೇಕು. ದೊಡ್ಡ ದೊಡ್ಡ ಕ್ಯಾಡ್ (ಕಂಪ್ಯೂಟರಿನಲ್ಲಿ ಮಾಡಿದ ಡ್ರಾಯಿಂಗ್) ಫೈಲುಗಳಿರುವ ಕಡೆ ಹೀಗಿರುತ್ತದೆ. ನಿಮ್ಮ ಕೆಲಸವೆಲ್ಲ ಈಗಾಗಲೇ ಕ್ಲೌಡ್‌ನಲ್ಲಿದ್ದರೆ ಆ ಕೊಟೇಶನ್ ಮಡಚಿಡಿ. ಬ್ರೌಸರಿನಿಂದ ಕ್ಲೌಡ್‌ವರೆಗಿನ ದಾರಿಗೆ ಆಗಲೇ ಬೀಗ ಇದೆ.

ಹಾಕಿಸುವುದಾದರೆ ನೋಡಿಕೊಳ್ಳಲು ಒಬ್ಬ ಮನುಷ್ಯ ಇರಬೇಕು. ಪೆಟ್ರೋಲ್, ಡೀಸೆಲ್ ಸಾಗಿಸುವ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ 2021ರ ಮೇ ತಿಂಗಳಲ್ಲಿ ದಿನಗಟ್ಟಲೆ ನಿಂತುಹೋಯಿತಲ್ಲ, ಕಳ್ಳರು ಒಳಗೆ ಬಂದದ್ದು ಬಳಕೆಯಲ್ಲಿಲ್ಲದ ಒಂದು ಹಳೇ ವಿಪಿಎನ್ ಖಾತೆಯಿಂದ. ಎರಡು ಹಂತದ ಲಾಗಿನ್ ಅದಕ್ಕಿರಲಿಲ್ಲ. ಯಾರೋ ಮುಚ್ಚಲು ಮರೆತ ಒಂದು ಬಾಗಿಲು.

ಐದನೇ ದಾರಿ: ಫೈಲ್ ಮನೆಗೆ ಹೋಗುವುದೇ ಬೇಡ

ಕಂಪ್ಯೂಟರ್ ಆಫೀಸಿನಲ್ಲೋ ಕ್ಲೌಡ್‌ನಲ್ಲೋ ಇರುತ್ತದೆ, ಮನೆಗೆ ಬರುವುದು ಅದರ ಪರದೆ ಮಾತ್ರ. ಸೋಮವಾರದ ಪರೀಕ್ಷೆಯಲ್ಲಿ ಇದಕ್ಕೇ ಹೆಚ್ಚು ಅಂಕ. ಕಾಪಿ ಪೇಸ್ಟ್ ಮತ್ತು ಡ್ರೈವ್ ಹಂಚುವುದನ್ನು ಮುಚ್ಚಿಟ್ಟರೆ ಪ್ರತಿ ಎಂಬುದು ಮನೆಯಲ್ಲಿ ಹುಟ್ಟುವುದೇ ಇಲ್ಲ. ಮನೆಯ ಕಂಪ್ಯೂಟರ್ ಹಳೆಯದಾದರೂ ನಡೆಯುತ್ತದೆ.

ಟ್ಯಾಲಿ ಆಫೀಸುಗಳಿಗೆ ಇದು ಬಹಳ ಚೆನ್ನಾಗಿ ಹೊಂದುತ್ತದೆ. ಟ್ಯಾಲಿಯ ಡೇಟಾ ಅಂದರೆ ಒಂದು ಫೋಲ್ಡರ್. ಅದನ್ನು ಪೂರ್ತಿ ಎತ್ತಿ ಪೆನ್‌ಡ್ರೈವಿಗೆ ಹಾಕಿದರೆ ಒಂದು ಅಂಗಡಿಯ ಇಡೀ ಜಾತಕ ಜೇಬಿಗೆ ಬಂತು. ಕ್ಲೌಡ್‌ನಲ್ಲಿ ಟ್ಯಾಲಿ ಕೂರಿಸಿಕೊಡುವವರು ಈಗ ಬೇಕಾದಷ್ಟು ಜನ ಇದ್ದಾರೆ. ಎಂಟ್ರಿ ಮಾಡುವವರಿಗೆ ಟ್ಯಾಲಿಯ ಕಿಟಕಿ ಮಾತ್ರ ಕಾಣುತ್ತದೆ, ಫೋಲ್ಡರ್ ಕಾಣುವುದಿಲ್ಲ. ಅದರ ಜೊತೆಗೆ ಟ್ಯಾಲಿಯದೇ ಯೂಸರ್ ಭದ್ರತೆ ಮತ್ತು ಟ್ಯಾಲಿ ವಾಲ್ಟ್ ಪಾಸ್‌ವರ್ಡ್ ಹಾಕಿ. ವಾಲ್ಟ್ ಪಾಸ್‌ವರ್ಡ್ ಮರೆತರೆ ಡೇಟಾ ಯಾರಿಂದಲೂ ತೆಗೆಯಲಾಗುವುದಿಲ್ಲ, ಇದನ್ನು ಎರಡು ಸಲ ಓದಿಕೊಳ್ಳಿ.

ಅಡ್ಡಿ ಎಲ್ಲಿ ಅಂದರೆ ನೆಟ್‌ನಲ್ಲಿ. ಮಲೆನಾಡಿನಲ್ಲಿ ಮಳೆಗಾಲ ಹಿಡಿದರೆ ಕರೆಂಟೂ ಇಲ್ಲ, ಟವರೂ ಇಲ್ಲ. ಫೈಲ್ ಲ್ಯಾಪ್‌ಟಾಪಿನಲ್ಲಿದ್ದರೆ ನೆಟ್ ಹೋದರೂ ಕೆಲಸ ಸಾಗುತ್ತದೆ, ಇಲ್ಲಿ ಪರದೆಯೇ ನಿಂತುಬಿಡುತ್ತದೆ. ಎಂಟ್ರಿ ಕೆಲಸ ಹೇಗೋ ಸುಧಾರಿಸಬಹುದು. ಮೂರು ಆಯಾಮದ ಡ್ರಾಯಿಂಗ್ ತಿರುಗಿಸುವವನಿಗೆ ಮೌಸ್ ಅಲ್ಲಾಡಿಸಿ ಅರ್ಧ ಸೆಕೆಂಡ್ ಕಾಯುವುದು ಹಿಂಸೆ. ಅಂಥ ಕೆಲಸಕ್ಕೆ ಬೇಕಾದ ಗ್ರಾಫಿಕ್ಸ್ ಇರುವ ಕ್ಲೌಡ್ ಕಂಪ್ಯೂಟರ್ ಬಾಡಿಗೆಗೆ ತಗೊಂಡರೆ ತಿಂಗಳ ಬಿಲ್ ಸಾವಿರಗಳ ಲೆಕ್ಕದಲ್ಲಿ ಬರುತ್ತದೆ.

ಖರ್ಚು ಉಳಿಸಲು ಆಫೀಸಿನ ಕಂಪ್ಯೂಟರನ್ನೇ ರಾತ್ರಿ ಹಗಲು ಆನ್ ಇಟ್ಟು, ರೂಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟ್ (ಹೊರಗಿನಿಂದ ಆ ಕಂಪ್ಯೂಟರಿಗೆ ಬರುವ ಬಾಗಿಲು) ತೆರೆದಿಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಡೇಟಾಕ್ಕೆ ಬೀಗ ಹಾಕಿ ದುಡ್ಡು ಕೇಳುವ ಕಳ್ಳರು ಜಗತ್ತಿನಾದ್ಯಂತ ಮೊದಲು ತಟ್ಟಿ ನೋಡುವ ಬಾಗಿಲುಗಳಲ್ಲಿ ಅದೂ ಒಂದು. ಆಫೀಸಿನ ಕಂಪ್ಯೂಟರೇ ಬೇಕಾದರೆ ವಿಪಿಎನ್ ಒಳಗಿಂದ ಹೋಗಿ. ವಿಪಿಎನ್‌ಗೆ ನಾನು ಒಳ್ಳೆ ಮಾತಾಡುವುದು ಇಲ್ಲಿ.

ಆರನೇ ದಾರಿ: ಕಣ್ಣಿಡುವ ಸಾಫ್ಟ್‌ವೇರ್

ಐದು ನಿಮಿಷಕ್ಕೊಮ್ಮೆ ಪರದೆಯ ಫೋಟೋ ತೆಗೆಯುವ, ಮೌಸ್ ಅಲ್ಲಾಡಿತಾ ಅಂತ ಎಣಿಸುವ ಸರಕು. ಇದು ಗುಟ್ಟನ್ನು ಕಾಯುವುದಿಲ್ಲ, ಹಾಜರಾತಿ ತಗೊಳ್ಳುತ್ತದೆ. ಅಲ್ಲದೆ ನಿಮ್ಮ ಕಾಸ್ಟಿಂಗ್ ಶೀಟಿನ ಫೋಟೋಗಳನ್ನು ಮೂರನೆಯವರ ಸರ್ವರಿನಲ್ಲಿ ಪೇರಿಸಿಡುತ್ತದೆ. ಗುಟ್ಟು ಕಾಯಲು ಹೋಗಿ ಇನ್ನೊಂದು ಪ್ರತಿ ಮಾಡಿದಂತಾಯಿತು. ನಾನಂತೂ ಹಾಕಿಕೊಡುವುದಿಲ್ಲ.

ಯಾವ ದಾರಿ ಹಿಡಿದರೂ ತಪ್ಪದ ಎರಡು ಮಾತು

ಒಂದು, ಚಾಟ್‌ಜಿಪಿಟಿಯಂಥವು. 2023ರಲ್ಲಿ ಸ್ಯಾಮ್‌ಸಂಗ್‌ನ ಎಂಜಿನಿಯರ್‌ಗಳು ಕಂಪನಿಯ ಕೋಡನ್ನು ಅದಕ್ಕೆ ಹಾಕಿ ಸಹಾಯ ಕೇಳಿದ್ದರು. ಗೊತ್ತಾದ ಮೇಲೆ ಕಂಪನಿ ಆ ಬಗೆಯ ಸಾಧನಗಳನ್ನೇ ನಿಷೇಧಿಸಿತು. ನಿಮ್ಮಲ್ಲಿ ನಿಷೇಧ ನಡೆಯದು, ಎಲ್ಲರ ಫೋನಿನಲ್ಲೂ ಇದೆ. ಹಾಳೆಯಲ್ಲಿ ಬರೆದ ಮೂರು ಗುಟ್ಟಿನ ಹೆಸರು ಹೇಳಿ, "ಇವನ್ನು ಹಾಕಬೇಡಿ, ಬೇರೆ ಏನಾದರೂ ಕೇಳಿಕೊಳ್ಳಿ" ಅನ್ನಿ. ಬೇಡ ಅನ್ನುವುದು ಯಾವುದಕ್ಕೆ ಅಂತ ಗೊತ್ತಾದರೆ ಜನ ಕೇಳುತ್ತಾರೆ.

ಎರಡು, ಬೇರೆಯವರ ಮಾಹಿತಿ ನಿಮ್ಮ ಹತ್ತಿರ ಇದ್ದರೆ ಕಾನೂನು ಬಿಗಿಯಾಗುತ್ತಿದೆ. ಜನರ ವೈಯಕ್ತಿಕ ಮಾಹಿತಿಯನ್ನು ಕಾಪಾಡುವ 2023ರ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಬಂದಿವೆ, ಹಂತ ಹಂತವಾಗಿ ಜಾರಿಯಾಗುತ್ತಿವೆ. ತಕ್ಕ ಭದ್ರತೆ ಇಡದಿದ್ದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಶಿವಮೊಗ್ಗದ ಆಫೀಸಿಗೆ ಯಾರೂ ಅಷ್ಟು ಹಾಕಲಾರರು ಅಂದುಕೊಳ್ಳೋಣ, ಆದರೂ ಹೆದರಿಕೆ ಸ್ವಲ್ಪ ಇರುವುದು ಒಳ್ಳೆಯದು. ಕರಾರಿನ ಮೇಲೆ ಕೆಲಸ ಮಾಡುವಾಗ ಕೈಗೆ ಬಂದ ವೈಯಕ್ತಿಕ ಮಾಹಿತಿಯನ್ನು ಬೇಕೆಂದೇ ಹೊರಗೆ ಬಿಟ್ಟುಕೊಟ್ಟರೆ ಐಟಿ ಕಾಯ್ದೆಯ 72ಎ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲಿದೆ. ಇದನ್ನು ಮನೆಯಿಂದ ಕೆಲಸ ಮಾಡುವವರಿಗೂ ಹೇಳಿರಿ, ಅವರಿಗೆ ಗೊತ್ತಿರುವುದಿಲ್ಲ.

ಹಾಗಾದರೆ ನಿಮಗೆ ಯಾವುದು

ನೀವು ಐದಾರು ಜನ, ಬರೀ ಮೇಲ್, ಎಕ್ಸೆಲ್, ಕೊಟೇಶನ್ ಕೆಲಸ, ನೋಡಿಕೊಳ್ಳುವವರು ಯಾರೂ ಇಲ್ಲ ಅಂದರೆ ಎರಡನೇ ದಾರಿ ಸಾಕು. ತಿಂಗಳಿಗೆ ಎಲ್ಲ ಸೇರಿ ಸಾವಿರದಿಂದ ಎರಡು ಸಾವಿರದೊಳಗೆ ಮುಗಿಯುತ್ತದೆ. ಅದೂ ಈಗ ಆಗದು ಅನ್ನುವವರು ಇವತ್ತೇ ಸೊನ್ನೆ ಖರ್ಚಿನಲ್ಲಿ ಮಾಡಬಹುದಾದ್ದು ಒಂದಿದೆ. ಆ ಮೂರು ಫೈಲುಗಳನ್ನು ವಾಟ್ಸ್ಆಪ್‌ನಿಂದ ಹೊರಗಿಡಿ. ಫೋನಿನಲ್ಲಿ ಓದಿ ಹೇಳಿದರೂ ಪರವಾಗಿಲ್ಲ.

ಲೆಕ್ಕಪತ್ರದವರು, ಸಂಬಳದ ಪಟ್ಟಿ ಮಾಡುವವರು, ಬೇರೆಯವರ ದಾಖಲೆ ಇಟ್ಟುಕೊಳ್ಳುವವರು ಐದನೇ ದಾರಿಗೆ ಹೋಗಿ. ನೆಟ್ ಕೈಕೊಡುವ ಊರಾದರೆ ಎರಡು ಬೇರೆ ಬೇರೆ ಕಂಪನಿಯ ಸಂಪರ್ಕಕ್ಕೆ ಆಫೀಸೇ ದುಡ್ಡು ಕೊಡಲಿ. ಡಿಸೈನ್, ಡ್ರಾಯಿಂಗ್, ವಿಡಿಯೊ ಥರದ ಭಾರಿ ಫೈಲಿನವರಿಗೆ ಎರಡು ಮತ್ತು ಮೂರು ಸೇರಿಸಿದ್ದೇ ಸರಿ. ಸರ್ವರ್ ಆಫೀಸಿನಲ್ಲೇ ಇರಲೇಬೇಕು ಅನ್ನುವ ಗಿರಾಕಿಯ ಷರತ್ತು ಇದ್ದರೆ ಮಾತ್ರ ವಿಪಿಎನ್. ಕೆಲವು ದೊಡ್ಡ ಕಂಪನಿಗಳು ತಮ್ಮ ಡ್ರಾಯಿಂಗ್ ಕೊಡುವಾಗ ಇಂಥ ಷರತ್ತು ಬರೆದಿರುತ್ತವೆ. ಸಹಿ ಹಾಕಿದ ಕರಾರು ಬೀರುವಿನಲ್ಲಿದೆ ಅಲ್ವಾ, ಒಮ್ಮೆ ತೆಗೆದು ಓದಿ. ಪೀಣ್ಯದವರು ಸಹಿ ಹಾಕಿ ಮೂರು ವರ್ಷವಾದ ಮೇಲೆ ನನ್ನ ಮುಂದೆ ಮೊದಲ ಸಲ ಓದಿದರು.

ಅವರ ಕರಾರಿನಲ್ಲಿ ಸರ್ವರಿನ ಷರತ್ತು ಇರಲಿಲ್ಲ, ಆದರೆ "ಉದ್ಯೋಗಿಗಳ ಸ್ವಂತ ಯಂತ್ರದಲ್ಲಿ ಇಡುವಂತಿಲ್ಲ" ಅನ್ನುವ ಸಾಲಿತ್ತು. ಹಾಗಾಗಿ ಇಬ್ಬರು ಹುಡುಗರಿಗೆ ವಿಂಡೋಸ್ ಪ್ರೊ ಇರುವ ಎರಡು ಲ್ಯಾಪ್‌ಟಾಪ್, ಶೆಡ್ಡಿನಲ್ಲಿ ಒಂದು ಹೆಚ್ಚುವರಿ, ಉಳಿದವರಿಗೆ ಕೆಳಗಿನ ಪ್ಲಾನಿನ ಕ್ಲೌಡ್ ಖಾತೆ. ಕಾಸ್ಟಿಂಗ್ ಶೀಟ್ ಮಾಲೀಕರು ಮತ್ತು ಅವರ ತಂಗಿ, ಇಬ್ಬರಿಗೆ ಮಾತ್ರ ತೆರೆಯುತ್ತದೆ. ಪ್ಲೇಟಿಂಗ್‌ಗೆ (ಭಾಗಕ್ಕೆ ಲೋಹದ ಲೇಪ ಹಾಕಿಸಲು) ಹೊರಗಿನವರಿಗೆ ಜಾಬ್ ವರ್ಕ್ ಕೊಡುವಾಗ ಡ್ರಾಯಿಂಗಿನ ಫೋಟೋ ತೆಗೆದು ವಾಟ್ಸ್ಆಪ್ ಮಾಡುವುದನ್ನು ಅವರು ಇನ್ನೂ ಬಿಟ್ಟಿಲ್ಲ. "ಅವರಿಗೆ ಮೇಲ್ ನೋಡೋಕೆ ಬರಲ್ಲ ಸಾರ್" ಅಂದರು. ಆ ನಲವತ್ತು ಡ್ರಾಯಿಂಗ್ ಅದರಲ್ಲಿ ಹೋಗಬಾರದು ಅಂತಷ್ಟೇ ಒಪ್ಪಿಸಿ ಬಂದೆ.

ಶಿವಮೊಗ್ಗದವರು ಟ್ಯಾಲಿಯನ್ನು ಕ್ಲೌಡಿಗೆ ಹಾಕಿಸಿದ್ದಾರೆ. ಮಿಠಾಯಿ ಡಬ್ಬ ಈಗ ಬೀಗ ಇರುವ ಬೀರುವಿನಲ್ಲಿದೆ. ಪ್ಲಾಸ್ಟರ್ ಮೇಲಿನ ಪಿನ್‌ಗಳನ್ನು ಕರಿ ಮಾರ್ಕರಿನಿಂದ ಅಳಿಸಿದ್ದೇವೆ ಅಂತ ಫೋಟೋ ಕಳಿಸಿದ್ದರು. ದೊಡ್ಡದು ಮಾಡಿ ನೋಡಿದೆ. ಬೆಳಕಿಗೆ ಹಿಡಿದರೆ ಎರಡು ಮೂರು ಇನ್ನೂ ಓದಬಹುದಿತ್ತು. ಪ್ಲಾಸ್ಟರನ್ನೇ ಕಿತ್ತು ಹಾಕಿ, ಪಿನ್ ಬದಲಿಸಿ ಅಂತ ವಾಪಸ್ ಬರೆದಿದ್ದೇನೆ.